ಅಜ್ಜನ ಕೇಪಿನ ಕೋವಿಗೆ ಮರದ ಪೆಟ್ಟಿಗೆ ಮಾಡಿಸ್ಬೇಕು, ಒಳಗೆ ಯಾವ ಬಟ್ಟೆ ಹಾಕೋದು?

ಹೆಗಡೆಮಾಣಿ, ಕೋಥ್ರೂಡ್
ಎಲ್ರಿಗೂ ನಮಸ್ಕಾರ. ನಮ್ಮೂರು ಸಿರ್ಸಿ ಕಡೆ, ಪುಣೆಗೆ ಬಂದು ಹದಿನೆಂಟು ವರ್ಷ ಆಯ್ತು. ಊರಲ್ಲಿ ಅಣ್ಣನ ಹತ್ರ ಅಜ್ಜನ ಕಾಲದ ಜೋಡು ನಳಿಗೆ ಕೋವಿ ಇದೆ, ನಳಿಗೆ ಬಾಯಿಂದ ಮದ್ದು ತುಂಬಿ, ಕೇಪು (ಕಿಡಿ ಹಾರಿಸೋ ಸಣ್ಣ ಲೋಹದ ಟೋಪಿ) ಇಟ್ಟು ಹೊಡೆಯೋದು. ನಳಿಗೆ ಅಡಿಯಲ್ಲಿ ಕಿರೀಟದ ಥರ ಎರಡು ಮುದ್ರೆ ಇದೆ. ಇಷ್ಟು ವರ್ಷ ಜಗುಲಿ ಗೋಡೆಗೆ ಎರಡು ಮೊಳೆ ಹೊಡೆದು ತೂಗುಹಾಕಿದ್ರು, ಮಳೆಗಾಲ ಬಂದ್ರೆ ತುಕ್ಕು, ಅಣ್ಣ ತೆಂಗಿನೆಣ್ಣೆ ಸವರೋದು, ಮತ್ತೆ ತುಕ್ಕು. ಹಳೇ ಇಂಗ್ಲಿಷ್ ಕೋವಿಗಳು ಮರದ ಪೆಟ್ಟಿಗೆ, ಹಸಿರು ಬಟ್ಟೆ, ಹಿತ್ತಾಳೆ ಮೂಲೆ ಎಲ್ಲ ಇಟ್ಕೊಂಡು ಬರ್ತಿದ್ವಲ್ಲ, ಅಂಥದ್ದೊಂದು ಇಲ್ಲಿ ಮಾಡಿಸಿ ಊರಿಗೆ ತಗೊಂಡು ಹೋಗೋಣ ಅಂತ ಆಸೆ.

ಇಲ್ಲಿಯ ಮಿಸ್ತ್ರಿ ಒಬ್ರನ್ನ ಕೇಳ್ದೆ. 18 ಎಂಎಂ ಪ್ಲೈವುಡ್, ಮೇಲೆ ಸನ್‌ಮೈಕಾ, ಒಳಗೆ ಸೋಫಾ ಸ್ಪಂಜು, ಅದರ ಮೇಲೆ ಕೆಂಪು ವೆಲ್ವೆಟ್, ಉದ್ದ ನಾಲ್ಕೂವರೆ ಅಡಿ, ಹದಿನಾಲ್ಕು ಸಾವಿರ ಅಂದ್ರು. ಚಿತ್ರ ಬರೆದು ತೋರಿಸಿದ್ರೆ ನನ್ನ ಹೆಂಡ್ತಿ "ಇದು ಹೆಣದ ಪೆಟ್ಟಿಗೆ ಥರ ಇದೆ" ಅಂದ್ಳು. ಗೊತ್ತಿರೋರು ಹೇಳಿ, ಮುಂದುವರೀಲಾ?

ಠಾಣೆ ತಿಮ್ಮ
ಹೆಂಡ್ತಿ ಮಾತು ಕೇಳಿ. ಥ್ರೆಡ್ ಮುಗೀತು 😀

ಶೆಟ್ರು, ಘಾಟ್ಕೋಪರ್
ಸ್ಪಂಜು ಮಾತ್ರ ಬೇಡ ಮಾರಾಯ್ರೆ. ನಮ್ಮ ಮಾವನದ್ದೊಂದು ಹಳೇ ಬಾಕು ಇತ್ತು, ಕೋವಿ ಅಲ್ಲ, ಆದ್ರೂ ಉಕ್ಕು ಉಕ್ಕೇ ಅಲ್ವಾ. ಅದಕ್ಕೆ ಇಲ್ಲೇ ಒಬ್ಬರ ಹತ್ರ ಚಂದದ ಪೆಟ್ಟಿಗೆ ಮಾಡಿಸಿ ಒಳಗೆ ಹಳದಿ ಸ್ಪಂಜು, ಮೇಲೆ ವೆಲ್ವೆಟ್ ಹಾಕಿಸಿದೆ. ಆರು ವರ್ಷ ಕಪಾಟಿನಲ್ಲಿ ಇತ್ತು, ಯಾರೂ ಮುಟ್ಟಲಿಲ್ಲ. ತೆಗೆದು ನೋಡಿದ್ರೆ ಸ್ಪಂಜು ಬೆಲ್ಲದ ಪಾಕದ ಹಾಗೆ ಅಂಟಂಟು, ಬೆರಳಲ್ಲಿ ಮುಟ್ಟಿದ್ರೆ ಪುಡಿ. ಬಾಕಿನ ಅಲಗು ವೆಲ್ವೆಟ್ಟಿಗೆ ತಾಗಿದ ಬದಿ ಪೂರ್ತಿ ತುಕ್ಕು, ಮೇಲಿನ ಬದಿ ಕನ್ನಡಿ ಹಾಗೆ ಉಂಟು. ಗೋಡೆಗೆ ತೂಗುಹಾಕಿದ್ರೆ ಗಾಳಿಯಾದರೂ ಆಡ್ತದೆ, ಸ್ಪಂಜಿನಲ್ಲಿ ಇಟ್ರೆ ಒದ್ದೆ ಬಟ್ಟೆ ಸುತ್ತಿ ಇಟ್ಟ ಹಾಗೆ.

ಸೊಲ್ಲಾಪುರ ಚಾದರ
ಪೆಟ್ಟಿಗಿ ಮಾತ್ ಆಮ್ಯಾಲೆ. ನೂರ್ ವರ್ಷ ದಾಟಿದ ಬಂದೂಕಿಗೆ ಲೈಸನ್ಸ್ ಬೇಕಾಗಂಗಿಲ್ರಿ, ಆಂಟಿಕ್ ಆಗ್ತದ. ಆರಾಮ್ ಪುಣೇಕ ತಂದು ಹಾಲ್‌ನ್ಯಾಗ ಇಡ್ರಿ. ಊರಿಗ್ಯಾಕ ಕಳಸ್ತೀರಿ?

ಕಪ್ಪು ಕೋಟು, ಶಿವಾಜಿನಗರ
ಚಾದರ ಅವರೇ, ದಯವಿಟ್ಟು ಈ ಮಾತು ಇನ್ನೊಬ್ಬರಿಗೆ ಹೇಳ್ಬೇಡಿ, ಜನ ಕೇಸಿಗೆ ಸಿಕ್ಕಿಬೀಳ್ತಾರೆ. ನೀವು ಎರಡು ಕಾನೂನನ್ನ ಕಲಸಿಬಿಟ್ಟಿದ್ದೀರಿ. ನೂರು ವರ್ಷದ ಲೆಕ್ಕ ಬರೋದು 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ, ಅದು ಮುಖ್ಯವಾಗಿ ಅಂಥ ವಸ್ತು ದೇಶದಿಂದ ಹೊರಗೆ ಹೋಗಬಾರದು ಅಂತ ಇರೋದು. ಕೋವಿಗೆ ಬೇಕಾದ್ದು 1959ರ ಆಯುಧ ಕಾಯ್ದೆ. ಅದರ 45ನೇ ಸೆಕ್ಷನ್‌ನಲ್ಲಿ ಹಳೇ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇದೆ ನಿಜ, ಆದರೆ ಅದೇ ವಾಕ್ಯದಲ್ಲಿ ಮುಂದೆ ರಿಪೇರಿ ಮಾಡಿದ್ರೂ ಮಾಡದಿದ್ರೂ ಅದರಿಂದ ಗುಂಡು ಹಾರಿಸೋಕೆ ಆಗಬಾರದು ಅಂತಿದೆ. ಹೆಗಡೆಯವರ ಅಜ್ಜನ ಕೋವಿಗೆ ಕೇಪು ಇಟ್ರೆ ಇವತ್ತೂ ಹಾರುತ್ತೆ ಅಂದ್ಕೋತೀನಿ. ಹಾರೋದಾದ್ರೆ ನೂರಲ್ಲ ಇನ್ನೂರು ವರ್ಷ ಆಗಿರಲಿ, ಲೈಸನ್ಸ್ ಬೇಕು. ಯಾರ ಹೆಸರಲ್ಲಿದೆಯೋ ಅವರ ಹತ್ರಾನೇ ಇರಲಿ.

ಸೊಲ್ಲಾಪುರ ಚಾದರ
ಮತ್ತ ಕೊಡಗಿನವ್ರಿಗೆ ಲೈಸನ್ಸ್ ಇಲ್ಲದs ಬಂದೂಕು ಹ್ಯಾಂಗ ನಡೀತದ್ರಿ?

ಕೊಡಗಿನ ಕಾಫಿ, ವಾನವಡಿ
ನಡೀತದೆ, ಆದ್ರೆ ಸುಮ್ಮನೆ ಅಲ್ಲ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು, ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರೋರಿಗೂ. 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷಕ್ಕೆ, ಅಂದ್ರೆ 2029ರವರೆಗೆ ಮುಂದುವರಿಸಿದೆ. ಅದಕ್ಕೂ ಸರ್ಟಿಫಿಕೇಟ್ ಮಾಡಿಸ್ಕೋಬೇಕು. ನಮಗೆ ಕೋವಿ ಅಂದ್ರೆ ದೇವರ ಮನೆ ಸಾಮಾನು, ಕೈಲ್‌ಪೊಳ್ದ್ ಅನ್ನೋ ನಮ್ಮ ಆಯುಧ ಹಬ್ಬದ ದಿನ ತೋಕಿಗೆ (ಕೋವಿಗೆ) ಹೂ ಇಟ್ಟು ಪೂಜೆ ಮಾಡಿ ಆಮೇಲೇ ಮುಟ್ಟೋದು.

ಹೆಗಡೆ, ನಾನು ಫೌಜಿನಲ್ಲಿ ಇದ್ದವನು, ಒಂದು ಮಾತು ಮೊದಲು ಕೇಳಿ, ಪೆಟ್ಟಿಗೆ ಗಿಟ್ಟಿಗೆ ಆಮೇಲೆ. ಆ ಕೋವಿ ತುಂಬಿದ್ಯಾ ಖಾಲಿ ಇದ್ಯಾ ಅಂತ ಅಣ್ಣಂಗೆ ಇವತ್ತೇ ನೋಡೋಕೆ ಹೇಳಿ. ತಮಾಷೆ ಅಲ್ಲ. ತೋಟಾ ಕೋವಿ ಆದ್ರೆ ನಳಿಗೆ ಮಡಚಿ ನೋಡಿದ್ರೆ ಗೊತ್ತಾಗ್ತದೆ, ಬಾಯಿಂದ ತುಂಬೋದ್ರಲ್ಲಿ ಏನೂ ಕಾಣಲ್ಲ, ಹಂದಿಗೆ ಅಂತ ತುಂಬಿಟ್ಟು ಮರೆತ ಮದ್ದು ಐವತ್ತು ವರ್ಷ ಆದ್ರೂ ಹಾಗೇ ಕೂತಿರ್ತದೆ. ಮೊದಲು ಕೇಪು ಇದ್ರೆ ತೆಗೀಬೇಕು. ಬಾಯಿ ಮೇಲೆ ಬಗ್ಗಬಾರದು, ಪಕ್ಕದಿಂದ ಗಜ (ಮದ್ದು ಒತ್ತೋ ಉದ್ದ ಕೋಲು) ನಿಧಾನ ಇಳಿಬಿಟ್ಟು ಎಲ್ಲಿಗೆ ನಿಂತಿತೋ ಅಲ್ಲಿ ಬಾಯಿ ಅಂಚಿಗೆ ಪೆನ್ಸಿಲ್ ಗುರುತು ಹಾಕಿ, ಹೊರಗೆ ತೆಗೆದು ನಳಿಗೆ ಪಕ್ಕ ಹಿಡಿದು ನೋಡ್ಲಿ. ಗಜದ ತುದಿ ಕೇಪು ಇಡೋ ಜಾಗದ ಹತ್ತಿರಕ್ಕೆ ಬಂದ್ರೆ ಖಾಲಿ. ಎರಡು ಮೂರು ಇಂಚು ಮೊದಲೇ ನಿಂತ್ರೆ ಒಳಗೆ ಏನೋ ಇದೆ. ಇದ್ರೆ ಕೆದಕೋಕೆ ಹೋಗದೆ ಲೈಸನ್ಸ್ ಇರೋ ಕೋವಿ ಅಂಗಡಿಯವರ ಹತ್ರ ತಗೊಂಡು ಹೋಗ್ಲಿ. ಎರಡೂ ನಳಿಗೆ ನೋಡ್ಬೇಕು, ಒಂದು ಖಾಲಿ ಇದ್ದು ಇನ್ನೊಂದು ತುಂಬಿದ್ದು ನಾನೇ ಕಂಡಿದ್ದೇನೆ.

ಇನ್ನೊಂದು. ನಾಲ್ಕೂವರೆ ಅಡಿ ಪೆಟ್ಟಿಗೆ ಯಾಕೆ? ಇಂಗ್ಲಿಷ್ ಜೋಡು ನಳಿಗೆ ಆದ್ರೆ ಹೆಚ್ಚಿನದ್ರಲ್ಲಿ ನಳಿಗೆ ಬಿಚ್ಚಿ ಬರ್ತದೆ. ಮುಂದಿನ ಮರದಲ್ಲಿ ಅಡ್ಡ ಒಂದು ಚಪ್ಪಟೆ ಬೆಣೆ ಇರ್ತದೆ, ಗಜ ತೆಗೆದು, ಬೆಣೆ ಒಂದು ಬದಿಗೆ ತಳ್ಳಿ, ಕುದುರೆ (ಕೇಪಿಗೆ ಬಡಿಯೋ ಸುತ್ತಿಗೆ) ಎರಡೂ ಹಿಂದೆ ಎಳೆದು ನಿಲ್ಲಿಸಿ, ನಳಿಗೆ ಬಾಯಿ ಮೇಲಕ್ಕೆತ್ತಿದ್ರೆ ಹಿಂದಿನ ಕೊಕ್ಕೆ ಬಿಟ್ಟು ಕಳಚಿ ಬರ್ತದೆ. ಹಳೇ ಪೆಟ್ಟಿಗೆಗಳು ಮೂವತ್ತೆರಡು ಇಂಚು ಆಸುಪಾಸು ಇರೋದು ಅದಕ್ಕೇ. ನಳಿಗೆ ಒಂದು ಸಾಲು, ಹಿಡಿ ಒಂದು ಸಾಲು, ಮಧ್ಯ ಉಳಿದ ಜಾಗದಲ್ಲಿ ಮದ್ದಿನ ಡಬ್ಬಿ, ಕೇಪಿನ ಡಬ್ಬಿ, ಎಣ್ಣೆ ಬಾಟ್ಲಿ.

ಠಾಣೆ ತಿಮ್ಮ
ಹೆಣದ ಪೆಟ್ಟಿಗೆ ಹೋಗಿ ಹಾರ್ಮೋನಿಯಂ ಪೆಟ್ಟಿಗೆ ಆಯ್ತು

ಹೆಗಡೆಮಾಣಿ, ಕೋಥ್ರೂಡ್
ಕಾಫಿ ಸರ್, ನಿಮಗೆ ಉದ್ದಂಡ ನಮಸ್ಕಾರ. ನಿನ್ನೆ ರಾತ್ರಿ ಅಣ್ಣ ಗಜ ಹಾಕಿ ನೋಡಿದ, ಎರಡೂ ಖಾಲಿ. ಬೆಣೆ ಅಲ್ಲಾಡ್ತಿರ್ಲಿಲ್ಲ, ಸೀಮೆಎಣ್ಣೆ ಬಿಟ್ಟು ರಾತ್ರಿ ಇಟ್ಟು ಬೆಳಿಗ್ಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ್ರೆ ಜಾರಿ ಬಂತಂತೆ. ಅರವತ್ತೆರಡು ವರ್ಷದ ಮನುಷ್ಯ, ಆ ಕೋವಿ ಬಿಚ್ಚಿ ಬರ್ತದೆ ಅಂತ್ಲೇ ಗೊತ್ತಿರ್ಲಿಲ್ಲ! ನಳಿಗೆ ಮೂವತ್ತು ಇಂಚು. ಬಿಚ್ಚಿದ್ಮೇಲೆ ಅಡಿಯ ಮುದ್ರೆ ಸರಿಯಾಗಿ ಕಂಡಿತು, ಕಿರೀಟ, ಕೆಳಗೆ ಎರಡು ದಂಡ ಅಡ್ಡಡ್ಡ, ಒಂದರಲ್ಲಿ ಬಿ ಪಿ ಸಿ ಅಂತಲೂ ಇನ್ನೊಂದರಲ್ಲಿ ವಿ ಅಂತಲೂ ಇದೆ. ಕೋವಿ ಊರಲ್ಲೇ ಇರುತ್ತೆ ಕೋಟು ಸರ್, ಅಣ್ಣನ ಹೆಸರಲ್ಲಿ ಬೆಳೆ ರಕ್ಷಣೆ ಲೈಸನ್ಸ್ ಇದೆ. ಪೆಟ್ಟಿಗೆ ಮಾತ್ರ ನಾನು ಹೊತ್ಕೊಂಡು ಹೋಗೋದು.

ಕೊಡಗಿನ ಕಾಫಿ, ವಾನವಡಿ
ಬರ್ಮಿಂಗ್‌ಹ್ಯಾಮ್ ಮುದ್ರೆ ಅದು. ಅಲ್ಲಿಯ ಪ್ರೂಫ್ ಹೌಸ್ 1813ರ ಕಾಯ್ದೆಯಿಂದ ಶುರುವಾಗಿದ್ದು. ಜಾಸ್ತಿ ಮದ್ದು ತುಂಬಿ ಹಾರಿಸಿ ನೋಡಿ, ನಳಿಗೆ ಸಿಡಿಯದಿದ್ರೆ ಮುದ್ರೆ ಒತ್ತೋರು. ಒಳ್ಳೇ ಸಾಮಾನು, ಜೋಪಾನ.

ವಿದ್ಯಾ, ಮಾಟುಂಗಾ
ನಾನು ಮ್ಯೂಸಿಯಂ ವಸ್ತುಗಳ ಸಂರಕ್ಷಣೆ ಕೆಲಸ ಮಾಡೋಳು, ಮುಂಬೈನಲ್ಲಿ. ಈ ಥ್ರೆಡ್ಡಲ್ಲಿ ಎಲ್ರೂ ಪೆಟ್ಟಿಗೆ ಅಂದ್ರೆ ಕೋವಿಗೆ ರಕ್ಷಣೆ ಅಂದ್ಕೊಂಡಿದ್ದಾರೆ, ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಪೆಟ್ಟಿಗೆಗಳೇ ಕೋವಿಯನ್ನ ತಿನ್ನೋದು. ಮುಚ್ಚಿದ ಪೆಟ್ಟಿಗೆಯಲ್ಲಿ ಮರ, ಅಂಟು, ಬಟ್ಟೆ ಮೂರೂ ಸಣ್ಣಗೆ ಆವಿ ಬಿಡ್ತಾ ಇರ್ತವೆ. ಮರದಿಂದ ಅಸಿಟಿಕ್ ಆಸಿಡ್, ಅಂದ್ರೆ ವಿನೆಗರ್‌ನಲ್ಲಿ ಇರೋದು. ಪ್ಲೈವುಡ್, ಎಂಡಿಎಫ್ ಅಂಟಿನಿಂದ ಫಾರ್ಮಾಲ್ಡಿಹೈಡ್, ಅದು ಆಮೇಲೆ ಫಾರ್ಮಿಕ್ ಆಸಿಡ್ ಆಗುತ್ತೆ. ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನೋದು ಸೀಸ. ಹಳೇ ಓಕ್ ಪೆಟ್ಟಿಗೆಯಲ್ಲಿದ್ದ ಸೀಸದ ಗುಂಡುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿರೋದು ನೋಡಿರ್ಬಹುದು, ಅದು ಇದೇ ಕಾರಣಕ್ಕೆ. ಓಕ್, ಚೆಸ್ಟ್‌ನಟ್ ಅತಿ ಕೆಟ್ಟದ್ದು, ಮಹಾಗನಿ ಅಷ್ಟಿಲ್ಲ, ಚೆನ್ನಾಗಿ ಒಣಗಿದ ಹಳೇ ತೇಗ ಕೂಡ ನಡೆಯುತ್ತೆ, ಆದ್ರೆ ಯಾವ ಮರವೂ ಪೂರ್ತಿ ಸಾಚಾ ಅಲ್ಲ. ರೆಕ್ಸಿನ್ ಅಂತೂ ಹತ್ರಾನೇ ತರ್ಬೇಡಿ, ಅದು ಪಿವಿಸಿ, ಹಳೇದಾದಾಗ ಹೈಡ್ರೋಕ್ಲೋರಿಕ್ ಆಸಿಡ್ ಬಿಡುತ್ತೆ.

ಬಟ್ಟೆ ಪರೀಕ್ಷೆ ಮಾಡೋಕೆ ನಮ್ಮಲ್ಲಿ ಒಂದು ವಿಧಾನ ಇದೆ, ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡ್ಡಿ 1973ರಲ್ಲಿ ಶುರು ಮಾಡಿದ್ದು. ಗಾಜಿನ ಟ್ಯೂಬಲ್ಲಿ ಬಟ್ಟೆ ತುಂಡು, ಜೊತೆಗೆ ಬೆಳ್ಳಿ, ತಾಮ್ರ, ಸೀಸದ ಚೂರು, ಒಂದು ಹನಿ ನೀರು, ಬಿರಡೆ ಬಿಗಿ ಮಾಡಿ 60 ಡಿಗ್ರಿಯಲ್ಲಿ 28 ದಿನ ಇಡೋದು. ಲೋಹ ಕಪ್ಪೋ ಬಿಳಿಯೋ ಆದ್ರೆ ಆ ಬಟ್ಟೆ ಫೇಲ್. ಮನೆಯಲ್ಲಿ ಅಷ್ಟು ಕರಾರುವಾಕ್ಕಾಗಿ ಆಗಲ್ಲ, ಆದ್ರೂ ಹಾರ್ಲಿಕ್ಸ್ ಬಾಟ್ಲಿ ನಾಲ್ಕು ತಗೊಂಡು, ಒಂದರಲ್ಲಿ ಬಟ್ಟೆ ಇಲ್ಲದೆ ಬರೀ ಲೋಹ ಹಾಕಿ ಹೋಲಿಕೆಗೆ ಇಟ್ಟು, ಟೆರೇಸ್ ಮೇಲೆ ಬಿಸಿಲಿಗೆ ಬಿಟ್ಟು ನೋಡಿ. ಏನೂ ನೋಡದೆ ಹಾಕೋದಕ್ಕಿಂತ ವಾಸಿ.

ಮಡಗಾಂವ್ ನಾಯ್ಕ
ಸೀಸ ಬೇಕಾದ್ರೆ ಬಲೆಗೆ ಕಟ್ಟುವ ಗುಂಡು ಉಂಟಲ್ಲ, ಮೀನಿನ ಬಲೆ ಅಂಗಡಿಯಲ್ಲಿ ಸಿಗ್ತದೆ.

ಬೆಳಗಾವಿ ಕುಂದಾ, ಚಿಂಚವಡ
ಓಕ್ ಬ್ಯಾಡ ಅಂದ್ರ ಸಿಲ್ವರ್ ಓಕ್ ಹಾಕ್ರಿ, ಕಾಫಿ ತೋಟದಾಗ ಬೇಕಾದಷ್ಟ ಸಿಗ್ತೈತಿ.

ಕೊಡಗಿನ ಕಾಫಿ, ವಾನವಡಿ
ಕುಂದಾ ಅವರೇ, ಸಿಲ್ವರ್ ಓಕಿಗೂ ಓಕಿಗೂ ಸಂಬಂಧವೇ ಇಲ್ಲ. ಅದು ಆಸ್ಟ್ರೇಲಿಯಾದಿಂದ ಬಂದ ಮರ, ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ನೆಡೋದು.

ಬೆಳಗಾವಿ ಕುಂದಾ, ಚಿಂಚವಡ
ಆತ್ರಿ, ಸೋತೆ 🙏 ನಾ ಫ್ಯಾಕ್ಟರಿ ಡ್ಯೂಟಿ ಮುಗಿಸ್ಕೊಂಡ ಸಂಜಿಕ ಬಡಗಿ ಕೆಲಸ ಮಾಡಾಂವ, ಮರದ ಹೆಸರಿನ್ಯಾಗ ತಪ್ಪತೀನಿ, ಕೆಲಸದಾಗ ತಪ್ಪಂಗಿಲ್ಲ. ಹೆಗಡೆಯವರ, ಹೊಸಾ ಸಾಗವಾನಿ ತಗೋಬ್ಯಾಡ್ರಿ. ಪುಣೇದಾಗ ಹಳೇ ವಾಡೆ ದಿನಾ ಒಂದ ಕೆಡವ್ತಾರ, ಅದರ ತೊಲಿ, ಬಾಗ್ಲಾ ಹಳೇ ಸಾಮಾನ ಮಾರೋರ ಕಡೆ ಬರ್ತಾವು. ನೂರ ವರ್ಷ ಒಣಗಿದ ಸಾಗವಾನಿ, ಇನ್ನ ಸೊಟ್ಟ ಆಗಂಗಿಲ್ಲ. ಒಂದ ಎಚ್ಚರ, ಒಳಗ ಮೊಳಿ ಮುರದ ಕುಂತಿರ್ತಾವು, ಮಷಿನ್ನಿಗೆ ಕೊಡೋ ಮುಂಚೆ ಅಯಸ್ಕಾಂತ ಆಡಿಸಿ ನೋಡ್ರಿ, ಇಲ್ಲಾಂದ್ರ ಬ್ಲೇಡಿನ ದುಡ್ಡು ನಿಮ್ಮ ತಲಿ ಮ್ಯಾಲ.

ಪೆಟ್ಟಿಗಿ ಕಟ್ಟೂ ರೀತಿ ಕೇಳ್ರಿ. ತಳಾ ಬ್ಯಾರೆ, ಮುಚ್ಚಳ ಬ್ಯಾರೆ ಅಂತ ಎರಡ ಪೆಟ್ಟಿಗಿ ಮಾಡಿ ಕೂಡಸಾಕ ಹೋದ್ರ ಜನ್ಮದಾಗ ಕೂಡಂಗಿಲ್ಲ. ನಾಕೂ ಗೋಡಿ ಅರ್ಧ ಇಂಚಿನ ಹಲಗಿ, ಮೂಲಿಗೆ ಹಲ್ಲಿಗೆ ಹಲ್ಲ ಕೂಡೂ ಡವ್‌ಟೇಲ್, ಮ್ಯಾಲ ಕೆಳಗ ಎರಡೂ ಮುಚ್ಚಿ ಅಂಟ ಹಚ್ಚಿ ಕಿಂಡಿ ಇಲ್ಲದ ಡಬ್ಬಿ ಮಾಡಿಬಿಡ್ರಿ. ಅಂಟ ಒಣಗಿದ ಮ್ಯಾಲ ಮ್ಯಾಲಿಂದ ಒಂದ ಇಂಚ ಬಿಟ್ಟು ಸುತ್ತಲೂ ಗರಗಸದಿಂದ ಕೊಯ್ರಿ. ಮರದ ಗೆರಿ ಕೆಳಗಿಂದ ಮುಚ್ಚಳಕ ಹಂಗs ಏರಿ ಹೋಗ್ತೈತಿ, ಎರಡೂ ಒಂದಕ್ಕೊಂದ ಹೇಳಿ ಮಾಡಿಸಿದಂಗ ಕೂಡ್ತಾವು. ಗರಗಸದ ದಾರಿಗೆ ಮೂರ ಎಂಎಂ ಜಾಸ್ತಿ ಹಿಡೀರಿ, ಮತ್ತ ಡವ್‌ಟೇಲಿನ ಹಲ್ಲಿನ ನಡುವ ಕೊಯ್ತ ಬರಂಗ ಮೊದಲ ಗುರ್ತ ಮಾಡ್ಕೋರಿ, ಇಲ್ಲಾಂದ್ರ ಮುರಕ ಹಲ್ಲ ಕಾಣ್ತೈತಿ. ಸಾಗವಾನಿಯಾಗ ಎಣ್ಣಿ ಇರ್ತೈತಿ, ಅಂಟ ಹಚ್ಚೂ ಮುಂಚೆ ಸ್ಪಿರಿಟ್ ಬಟ್ಟಿಲೆ ಒರಸ್ರಿ.

ಶೆಟ್ರು, ಘಾಟ್ಕೋಪರ್
ಕಿಂಡಿ ಇಲ್ಲದ ಡಬ್ಬಿ ಮಾಡಿ ಆಮೇಲೆ ಕೊಯ್ಯುವುದು! ಮೂವತ್ತು ವರ್ಷದಿಂದ ಹೋಟೆಲಿಗೆ ಫರ್ನಿಚರ್ ಮಾಡಿಸಿದ್ದೇನೆ, ಇದು ಮಾತ್ರ ಇವತ್ತೇ ಗೊತ್ತಾದ್ದು.

ಹೆಗಡೆಮಾಣಿ, ಕೋಥ್ರೂಡ್
ಈಗ ಬಟ್ಟೆ ವಿಷಯ ಹೇಳಿ. ನನಗೆ ಕೋವಿ ಆಕಾರಕ್ಕೆ ತಕ್ಕ ಹಾಗೆ ಗುಳಿ ಮಾಡಿ ವೆಲ್ವೆಟ್ ಹಾಕಿರ್ತಾರಲ್ಲ, ಅದು ಇಷ್ಟ.

ವಿದ್ಯಾ, ಮಾಟುಂಗಾ
ಅದು ಫ್ರೆಂಚ್ ಪದ್ಧತಿ. ಇಂಗ್ಲಿಷ್ ಪೆಟ್ಟಿಗೆಯಲ್ಲಿ ನೇರ ಗೋಡೆ, ಚೌಕ ಚೌಕ ಕೋಣೆ, ಹಸಿರು ಉಣ್ಣೆ ಬಟ್ಟೆ. ಬರ್ಮಿಂಗ್‌ಹ್ಯಾಮ್ ಕೋವಿಗೆ ಇಂಗ್ಲಿಷ್ ಪದ್ಧತಿಯೇ ಒಪ್ಪೋದು. ಅಂದಕ್ಕೆ ಮಾತ್ರ ಅಲ್ಲ, ಗುಳಿಯಲ್ಲಿ ಕೋವಿ ಅರ್ಧ ಮೈ ಬಟ್ಟೆಗೆ ಅಂಟಿರುತ್ತೆ, ಶೆಟ್ರ ಬಾಕಿನ ಕಥೆಯೇ. ಕೋಣೆ ಪದ್ಧತಿಯಲ್ಲಿ ಎರಡು ಮೂರು ಕಡೆ ಆಧಾರ ಕೊಟ್ಟು ಉಳಿದಿದ್ದು ಗಾಳಿಯಲ್ಲಿ ಇರೋ ಹಾಗೆ ಮಾಡಬಹುದು.

ಠಾಣೆ ತಿಮ್ಮ
ಮೇಡಂ, ನನಗೆ ಫ್ರೆಂಚೇ ಚಂದ ಕಾಣ್ಸುತ್ತೆ. ಕೋವಿ ತೆಗೆದ್ರೂ ಅದರ ಆಕಾರ ಉಳಿದಿರುತ್ತೆ, ಮನೆಗೆ ಬಂದೋರಿಗೆ ಹೇಳೋಕೆ ಕಥೆ ಇರುತ್ತೆ. ಚೌಕ ಕೋಣೆ ಅಂದ್ರೆ ಮಸಾಲೆ ಡಬ್ಬಿ.

ಬೆಳಗಾವಿ ಕುಂದಾ, ಚಿಂಚವಡ
ತಿಮ್ಮಣ್ಣ, ಆ ಗುಳಿ ಉಳಿಲೆ ಕೆತ್ತಾಕ ಕುಂತ್ರ ಗೊತ್ತಾಗ್ತೈತಿ. ಒಂದ ನೂಲು ಹೆಚ್ಚು ಕಡಿಮಿ ಆತಂದ್ರ ಎಲ್ಲಾ ತಗದ ಒಗೀಬೇಕು.

ಶೆಟ್ರು, ಘಾಟ್ಕೋಪರ್
ಹಸಿರು ಉಣ್ಣೆ ಬಟ್ಟೆ ಎಲ್ಲಿ ಸಿಗ್ತದೆ? ಮಂಗಳದಾಸ್ ಮಾರ್ಕೆಟಲ್ಲಿ ಕೇಳಿದ್ರೆ ಸ್ಕೂಲ್ ಬೋರ್ಡಿಗೆ ಹಾಕುವ ಫೆಲ್ಟ್ ತೋರಿಸ್ತಾರೆ, ಅದು ಪೂರ್ತಿ ಪ್ಲಾಸ್ಟಿಕ್.

ಕೊಡಗಿನ ಕಾಫಿ, ವಾನವಡಿ
ಬಿಲಿಯರ್ಡ್ಸ್ ಟೇಬಲ್ ಬಟ್ಟೆ. ಕ್ಲಬ್ಬುಗಳಲ್ಲಿ ಹಳೇದು ಕಿತ್ತು ಹೊಸದು ಹಾಕ್ತಾರೆ, ಅಂಚಿನ ತುಂಡು ಉಳೀತದೆ. ಟೇಬಲ್ ನೋಡ್ಕೊಳ್ಳೋ ಮಾರ್ಕರ್ ಹತ್ರ ಚಹಾ ಕುಡಿಸಿ ಕೇಳಿ. ಅಂದ ಹಾಗೆ ಸ್ನೂಕರ್ ಹುಟ್ಟಿದ್ದು ನಮ್ಮ ಜಬಲ್‌ಪುರದ ಫೌಜಿ ಮೆಸ್ಸಲ್ಲಿ, 1875ರಲ್ಲಿ. ಕರ್ನಲ್ ಚೇಂಬರ್ಲೇನ್ ಅಂತ, ಆಗ ಇನ್ನೂ ಹುಡುಗ.

ಸೊಲ್ಲಾಪುರ ಚಾದರ
ಬ್ಯಾಡ್ಮಿಂಟನ್ ನಮ್ಮ ಪುಣೇದು ಮತ್ತ! ಮೊದಲ ಹೆಸರs ಪೂನಾ ಅಂತಿತ್ತು.

ಕಪ್ಪು ಕೋಟು, ಶಿವಾಜಿನಗರ
ಕೋವಿ ಪೆಟ್ಟಿಗೆಯಿಂದ ಬ್ಯಾಡ್ಮಿಂಟನ್‌ಗೆ ಬಂದ್ವಿ. ಪುಣೆಯಲ್ಲಿ ಎಲ್ಲ ಮಾತೂ ಕೊನೆಗೆ ಪುಣೆಗೇ ಬರುತ್ತೆ.

ಮಡಗಾಂವ್ ನಾಯ್ಕ
ಉಣ್ಣೆ ಅಂದ್ರೆ ನುಸಿ ಬರ್ತದೆ ಅದನ್ನ ಯಾರೂ ಹೇಳ್ಲಿಲ್ಲ. ನಾನು ಹುಟ್ಟಿದ್ದು ಕಾರವಾರ, ಇಲ್ಲಿ ಹಳೇ ಪೋರ್ಚುಗೀಸ್ ಮನೆಗಳ ಸಾಮಾನು ರಿಪೇರಿ ಮಾಡಿಕೊಂಡಿರ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನೊಳಗೆ ಉಪ್ಪು ನೀರಾಗ್ತದೆ, ಸಿರ್ಸಿಯಲ್ಲೂ ಅದೇ ಹಣೆಬರಹ. ಜನ ನುಸಿಗುಳಿಗೆ ನಾಲ್ಕು ಹಾಕಿ ಮುಚ್ಚಿಬಿಡ್ತಾರೆ. ಒಂದು ಪೆಟ್ಟಿಗೆ ತೆರೆದಾಗ ಗುಳಿಗೆ ಆವಿಯಾಗಿ ಮತ್ತೆ ಮುಚ್ಚಳದ ಒಳಬದಿಗೆ ಸಕ್ಕರೆ ಹರಳಿನ ಹಾಗೆ ಕೂತಿತ್ತು. ಅದರ ಬದಲು ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದ್ರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಮತ್ತೆ ಹಾಕಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ನೀಲಿ ಬೇಡ, ಅದರಲ್ಲಿ ಕೋಬಾಲ್ಟ್ ಇರ್ತದೆ, ಅಡುಗೆ ಬಾಣಲೆಯಂತೂ ಬೇಡವೇ ಬೇಡ, ಹಳೇದೊಂದು ಬೇರೆ ಇಡಿ. ಮತ್ತೆ ತೆಂಗಿನೆಣ್ಣೆ ಬಿಡಲಿ ಅಣ್ಣ, ಅದು ಕಮಟಿ ಅಂಟಾಗಿ ಕೂರ್ತದೆ.

ವಿದ್ಯಾ, ಮಾಟುಂಗಾ
ನಾಯ್ಕರು ಹೇಳಿದ್ದು ಸರಿ. ಕಬ್ಬಿಣಕ್ಕೆ ಎಣ್ಣೆ ಬದಲು ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ತೆಳ್ಳಗೆ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಬಟ್ಟೆಗೂ ಅಂಟಲ್ಲ, ಎಣ್ಣೆ ಆದ್ರೆ ಹಸಿರು ಬಟ್ಟೆ ಕುಡಿದು ಕಪ್ಪು ಕಲೆ ಮಾಡುತ್ತೆ. ಇನ್ನೊಂದು, ಉಣ್ಣೆಯಲ್ಲಿ ಗಂಧಕ ಇದೆ, ಬೆಳ್ಳಿ ಕಪ್ಪಾಗುತ್ತೆ. ಕೋವಿ ಹಿಡಿಯಲ್ಲಿ ಬೆಳ್ಳಿ ಕೆಲಸ ಇದ್ರೆ ಉಣ್ಣೆ ಬೇಡ, ಬಣ್ಣ ಹಾಕದ ಹತ್ತಿ ಬಟ್ಟೆ ಹಾಕಿ.

ಹೆಗಡೆಮಾಣಿ, ಕೋಥ್ರೂಡ್
ಬೆಳ್ಳಿ ಇಲ್ಲ ಮೇಡಂ, ನಮ್ಮಜ್ಜ ಅಷ್ಟು ಸಾಹುಕಾರ ಅಲ್ಲ. ಅಂಟು ಯಾವ್ದು? ಫೆವಿಕಾಲ್ ನಡೆಯುತ್ತಾ?

ಬೆಳಗಾವಿ ಕುಂದಾ, ಚಿಂಚವಡ
ಮರಕ್ಕ ಮರ ಕೂಡಸಾಕ ನಡೀತೈತಿ. ಬಟ್ಟಿಗೆ ಸರಸು. ಹಳೇ ಬಡಗ್ಯಾರು ವಜ್ರ ಅಂತಾರ, ಚರ್ಮಾ ಕುದಿಸಿ ಮಾಡಿದ ಅಂಟು. ರಾತ್ರಿ ನೀರಾಗ ನೆನಿಹಾಕಿ, ಮುಂಜಾನೆ ಬಿಸಿನೀರಿನ ಪಾತ್ರೆಯೊಳಗ ಡಬ್ಬಿ ಇಟ್ಟು ಕರಗಸ್ರಿ, ನೇರ ಬೆಂಕಿ ಮ್ಯಾಲ ಇಟ್ಟು ಕುದಿಸಿದ್ರ ಶಕ್ತಿ ಹೋಗ್ತೈತಿ. ಮರಕ್ಕ ತೆಳ್ಳಗ ಹಚ್ಚಿ, ಬೆರಳಿಗೆ ಜಿಗಿ ಜಿಗಿ ಅನ್ನೂತನಕ ಬಿಟ್ಟು ಆಮ್ಯಾಲ ಬಟ್ಟಿ ಹಾಸ್ರಿ. ಹಸಿ ಇದ್ದಾಗ ಹಾಸಿದ್ರ ಅಂಟು ಮ್ಯಾಲೆ ಉಕ್ಕಿ ಬಟ್ಟಿ ಮ್ಯಾಲ ಹೊಳಪಿನ ಮಚ್ಚಿ ಬೀಳ್ತೈತಿ, ಅದು ಹೋಗಂಗಿಲ್ಲ. ನಡುವಿನ ಗೋಡಿಗೆ ಹೊರಗs ಬಟ್ಟಿ ಸುತ್ತಿ, ಒಣಗಿಸಿ, ಆಮ್ಯಾಲ ಒಳಗ ಇಳಸ್ರಿ. ನಾಳೆ ಬಟ್ಟಿ ಬದಲಸೂದಾದ್ರ ಬಿಸಿನೀರಿನ ಬಟ್ಟಿ ಒತ್ತಿದ್ರ ಬಿಟ್ಟ ಬರ್ತೈತಿ. ವಾಸನಿ ಮಾತ್ರ ಕೇಳಬ್ಯಾಡ್ರಿ.

ಠಾಣೆ ತಿಮ್ಮ
ಸಿರ್ಸಿ ಹೆಗಡೇರ ಅಡುಗೆ ಮನೆಯಲ್ಲಿ ಚರ್ಮದ ಅಂಟು ಕುದಿಸೋದು!! ಮೊದ್ಲು ಮನೆಯೋರ ಪರ್ಮಿಷನ್ ತಗೊಳ್ಳಿ

ವಿದ್ಯಾ, ಮಾಟುಂಗಾ
ಬಟ್ಟೆ ಹಾಕೋ ಮುಂಚೆ ಒಳಗಿನ ಮರಕ್ಕೆ ಎರಡು ಕೈ ಅರಗಿನ ಪಾಲಿಶ್ ಹೊಡೀರಿ, ಆವಿ ತಡೆಯೋಕೆ. ಆಮೇಲೆ ಬಟ್ಟೆ.

ಸೊಲ್ಲಾಪುರ ಚಾದರ
ಒಂದ ಐಡಿಯಾ. ನನ್ನ ದೋಸ್ತಂದು ಪ್ರಿಂಟಿಂಗ್ ಪ್ರೆಸ್ ಅದ. ಚಹಾದಾಗ ಅದ್ದಿದ ಹಾಳ್ಯಾಗ ಲಂಡನ್ ಕಂಪನಿ ಲೇಬಲ್ ಹೊಡಿಸಿ ಮುಚ್ಚಳದ ಒಳಗ ಅಂಟಸೂಣು, ಖರೇನs ಹಳೇದು ಕಾಣ್ತದ.

ಕಪ್ಪು ಕೋಟು, ಶಿವಾಜಿನಗರ
ಹೆಗಡೆಯವರು ಮಾರಲ್ಲ, ಒಪ್ಪಿದೆ. ಅವರ ಮಗನೋ ಮೊಮ್ಮಗನೋ ಗೊತ್ತಿಲ್ಲದೆ ಮಾರಿದ್ರೆ?

ಮಡಗಾಂವ್ ನಾಯ್ಕ
ಇಂಥದ್ದು ಪೇಟೆಯಲ್ಲಿ ರಾಶಿ ಉಂಟು. ಒಬ್ಬರು 1830ರ ಪೆಟ್ಟಿಗೆ ಅಂತ ನನ್ನ ಹತ್ರ ತಂದ್ರು, ಮೂರು ಪಟ್ಟು ದುಡ್ಡು ಕೊಟ್ಟಿದ್ರು. ತಿರುಗಣಿಯ ಸ್ಕ್ರೂ ಒಂದು ಬಿಚ್ಚಿ ಕೈಯಲ್ಲಿ ಕೊಟ್ಟೆ, ತಲೆಯಲ್ಲಿ ನಕ್ಷತ್ರದ ಗೀರು. ಅಂಥ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಅಷ್ಟು ಹಳೇದರಲ್ಲಿ ಮರದ ಸ್ಕ್ರೂಗೆ ಚೂಪು ಮೊನೆಯೂ ಇರ್ತಿರಲಿಲ್ಲ, ಮೊಂಡು ತುದಿ, ತೂತು ಕೊರೆದೇ ಹಾಕ್ಬೇಕಿತ್ತು. ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ.

ಹೆಗಡೆಮಾಣಿ, ಕೋಥ್ರೂಡ್
ಸುಳ್ಳು ಲೇಬಲ್ ಬೇಡ ಚಾದರ ಅಣ್ಣ. ಕನ್ನಡದಲ್ಲೇ ನಮ್ಮೂರ ಹೆಸರು, ಅಜ್ಜನ ಹೆಸರು, ಮಾಡಿದ ವರ್ಷ ಬರೆದು ಅಂಟಿಸ್ತೀನಿ. ನಿಮ್ಮ ದೋಸ್ತರ ಹತ್ರ ಅದನ್ನೇ ಹೊಡೆಸಿಕೊಡಿ.

ಸೊಲ್ಲಾಪುರ ಚಾದರ
ನಡೀತದ. ಫ್ರೀ.

ಹೆಗಡೆಮಾಣಿ, ಕೋಥ್ರೂಡ್
ಏಳು ವಾರ ಆಯ್ತು, ಯಾರಾದ್ರೂ ಇದ್ದೀರಾ? ವರದಿ ಒಪ್ಪಿಸ್ತೀನಿ.

ಬಾಟ್ಲಿ ಪರೀಕ್ಷೆ ಮಾಡ್ದೆ. ಮಿಸ್ತ್ರಿ ಕೊಟ್ಟ ಕೆಂಪು ವೆಲ್ವೆಟ್ ಬಾಟ್ಲಿಯಲ್ಲಿ ತಾಮ್ರದ ತಂತಿ ಕಪ್ಪು, ನೀರೂ ಗುಲಾಬಿ ಬಣ್ಣ. ಫೆಲ್ಟ್ ಬಾಟ್ಲಿಯಲ್ಲಿ ಸೀಸದ ಮೇಲೆ ಬಿಳಿ ಪುಡಿ. ಬಿಲಿಯರ್ಡ್ಸ್ ಬಟ್ಟೆದು ಬರೀ ಲೋಹ ಇಟ್ಟ ಬಾಟ್ಲಿ ಥರಾನೇ ಇತ್ತು. ಮರ ಹಳೇ ವಾಡೆಯೊಂದರ ಬಾಗಿಲಿಂದು, ಅಯಸ್ಕಾಂತ ಆಡಿಸಿದ್ರೂ ಒಂದು ಮೊಳೆ ತಪ್ಪಿಸ್ಕೊಂಡಿತ್ತು, ಕುಂದಾ ಅವರ ಬ್ಲೇಡ್ ಹೋಯ್ತು, ದುಡ್ಡು ಕೊಟ್ರೆ ತಗೊಳ್ಲಿಲ್ಲ. ಹಿತ್ತಾಳೆ ತಿರುಗಣಿ, ಮೂಲೆ, ಬೀಗ ಬೋಹ್ರಿ ಆಳಿಯಲ್ಲಿ ಸಿಕ್ತು, ನೇರ ಗೀರಿನ ಸ್ಕ್ರೂಗೆ ಮಾತ್ರ ಐದು ಅಂಗಡಿ ಅಲೆದೆ.

ಕೋವಿ ಇಲ್ಲಿಲ್ಲ ಅಲ್ವಾ, ಅಣ್ಣ ಪೇಪರ್ ಹಾಸಿ ಅದರ ಮೇಲೆ ಹಿಡಿ ಇಟ್ಟು ಸುತ್ತ ಗೆರೆ ಎಳೆದು ಬಸ್ಸಲ್ಲಿ ಕಳಿಸಿದ್ದ. ನಳಿಗೆ ಬದಲು 25 ಎಂಎಂ ಕರೆಂಟ್ ಪೈಪ್ ಎರಡು ಟೇಪ್ ಸುತ್ತಿ ಮೂವತ್ತು ಇಂಚಿಗೆ ಕೊಯ್ದು ಇಟ್ಕೊಂಡ್ವಿ. ಬರೀ ಮರ ಇದ್ದಾಗ ಪೈಪು ಸಲೀಸಾಗಿ ಕೂತಿತು, ಇಬ್ರೂ ಚಪ್ಪಾಳೆ ಹೊಡೆದ್ವಿ. ಬಟ್ಟೆ ಹಾಕಿದ್ಮೇಲೆ ಕೂರ್ಲಿಲ್ಲ! ಗೋಡೆಗೊಂದು ಪದರ, ನಡುವಿನ ಹಲಗೆಗೆ ಆ ಕಡೆ ಈ ಕಡೆ ಒಂದೊಂದು, ಎದುರು ಗೋಡೆಗೊಂದು, ಎಲ್ಲ ಸೇರಿ ಆರು ಎಂಎಂ ಹತ್ರ ನುಂಗಿತ್ತು. ಬಟ್ಟೆ ದಪ್ಪ ಇಬ್ರೂ ಲೆಕ್ಕಕ್ಕೇ ಹಿಡಿದಿರ್ಲಿಲ್ಲ. ಬಿಸಿನೀರು ಬಟ್ಟೆ ಒತ್ತಿ ನಡುವಿನ ಹಲಗೆ ಬಿಡಿಸಿ, ಹತ್ರಿ ಹಾಕಿ ತೆಳ್ಳಗೆ ಮಾಡಿ ಮತ್ತೆ ಸುತ್ತಿದ್ವಿ. ಫೆವಿಕಾಲ್ ಹಾಕಿದ್ರೆ ಅವತ್ತೇ ಮುಗೀತಿತ್ತು ಕಥೆ. ವಾಸನೆ ಬಗ್ಗೆ ಮನೆಯಲ್ಲಿ ಇನ್ನೂ ಮಾತು ನಡೀತಾ ಇದೆ.

ಕೊಡಗಿನ ಕಾಫಿ, ವಾನವಡಿ
ಭೇಷ್. ಹಿಡಿ ಅಡ್ಡ ಮಲಗಿಸಿದಾಗ ಕೆಳಗಿನ ಕುದುರೆ ತಳಕ್ಕೆ ಒತ್ತಬಾರದು, ಜಾಗ ಬಿಟ್ಟಿದ್ದೀರಾ?

ಹೆಗಡೆಮಾಣಿ, ಕೋಥ್ರೂಡ್
ಬಿಟ್ಟಿದ್ದೀವಿ ಸರ್. ಹಿಡಿಗೆ ಎರಡು ಕಡೆ ಮರದ ದಿಂಬು, ಕುದುರೆ ಕೆಳಗೆ ಖಾಲಿ. ಆದ್ರೆ ನಿಜವಾದ ಕೋವಿ ಇಟ್ಟು ನೋಡೋದು ಯಾವಾಗಲೋ. ನಾಡಿದ್ದು ಊರಿಗೆ ಹೊರಟಿದ್ದೆ, ನಿನ್ನೆ ಅಣ್ಣ ಫೋನ್ ಮಾಡಿ "ಬರ್ಬೇಡ" ಅಂದ. ಚುನಾವಣೆ ನೀತಿ ಸಂಹಿತೆ ಬಂತಂತೆ, ಕೋವಿ ಎಲ್ಲ ಸ್ಟೇಶನ್‌ಗೆ ಜಮಾ ಮಾಡಿ ಅಂತ ಆರ್ಡರ್. ಕೋವಿ ಸ್ಟೇಶನ್‌ನಲ್ಲಿ, ತೋಟದಲ್ಲಿ ಮಂಗ, ಪೆಟ್ಟಿಗೆ ಕೋಥ್ರೂಡಲ್ಲಿ. ಫಲಿತಾಂಶ ಬಂದು ವಾಪಸ್ ಸಿಗೋಕೆ ಎರಡು ತಿಂಗಳು.

ಠಾಣೆ ತಿಮ್ಮ
ಅಲ್ಲೀ ತನಕ ಕರೆಂಟ್ ಪೈಪ್ ಇಟ್ಟು ಬಂದೋರಿಗೆ ತೋರ್ಸಿ 😂

ವಿದ್ಯಾ, ಮಾಟುಂಗಾ
ಒಳ್ಳೇದೇ ಆಯ್ತು ಹೆಗಡೆಯವರೇ. ಹೊಸ ಪಾಲಿಶ್, ಹೊಸ ಅಂಟು, ತಕ್ಷಣ ಕೋವಿ ಇಟ್ಟು ಮುಚ್ಚೋದು ನನಗೆ ಮನಸ್ಸಿರಲಿಲ್ಲ. ಮುಚ್ಚಳ ಪೂರ್ತಿ ತೆಗೆದು ಫ್ಯಾನ್ ಗಾಳಿ ಬರೋ ಕಡೆ ಇಡಿ, ಎರಡು ತಿಂಗಳು ಹಾಗೇ ಇರಲಿ.

ಹೆಗಡೆಮಾಣಿ, ಕೋಥ್ರೂಡ್
ಹಾಲ್‌ನಲ್ಲೇ ಇಡ್ಬೇಕು ಹಾಗಾದ್ರೆ. ವಾಸನೆ ವಿಷಯ ನೀವೇ ಫೋನ್ ಮಾಡಿ ನಮ್ಮನೆಯವಳಿಗೆ ಹೇಳ್ತೀರಾ ಮೇಡಂ?